ಗೋಡೆಗೆ ಸಿಕ್ಕ ಮರ್ಯಾದೆ

ಡ್ರೆಸ್ಡೆನ್ ನಗರದ ಹಳೆಯ ಪೇಟೆಚೌಕ ಆಲ್ಟ್‌ಮಾರ್ಕ್ಟನ್ನು ಬರ್ನಾರ್ಡೊ ಬೆಲ್ಲೊಟ್ಟೊ ಚಿತ್ರಿಸಿದ್ದು 1750ರ ಆಸುಪಾಸಿನಲ್ಲಿ. ಎರಡು ಮೀಟರಿಗಿಂತ ಅಗಲವಾದ ಕ್ಯಾನ್ವಾಸು. ಅರಮನೆ ಬೀದಿ ಬಂದು ಚೌಕಕ್ಕೆ ಕೂಡುವಲ್ಲಿಂದ ಕಂಡ ನೋಟ ಅದು: ಒತ್ತೊತ್ತಾಗಿ ನಿಂತ ಬಹು ಅಂತಸ್ತಿನ ಮನೆಗಳು, ಕಡಿದಾದ ಚಾವಣಿಗಳಲ್ಲಿ ಸಾಲು ಗವಾಕ್ಷಿಗಳು, ದೂರದ ಮೂಲೆಯಲ್ಲಿ ಕ್ರಾಯ್ಟ್ಸ್‌ಕಿರ್ಖೆ ಚರ್ಚಿನ ಗೋಪುರ. ಚೌಕದ ತುಂಬ ಜನರಿದ್ದಾರೆ, ಗಾಡಿಗಳಿವೆ. ಆದರೂ ಪೇಟೆಯ ಈ ಚಿತ್ರದಲ್ಲಿ ಮೊದಲು ಕಣ್ಣು ಹಿಡಿಯುವುದು ಪೇಟೆಯಲ್ಲ, ಗೋಡೆ.

ಕಾಲದ ಲೆಕ್ಕದಲ್ಲಿ ಇದನ್ನು ರೊಕೊಕೊ ಸಾಲಿಗೆ ಸೇರಿಸುವುದುಂಟು. ಅದೇ ವರ್ಷಗಳಲ್ಲಿ ಪ್ಯಾರಿಸ್ಸಿನ ಬೂಶೆ ಗುಲಾಬಿ ಮೈಯ ದೇವತೆಯರನ್ನು ಮೋಡದ ಮೇಲೆ ಕೂರಿಸುತ್ತಿದ್ದ. ಬೆಲ್ಲೊಟ್ಟೊನಲ್ಲಿ ಆ ನಯನಾಜೂಕು ಸಾಸಿವೆಯಷ್ಟೂ ಇಲ್ಲ. ವೆನಿಸ್‌ನಲ್ಲಿ ಸೋದರಮಾವ ಕನಲೆಟ್ಟೊನ ಕೈಕೆಳಗೆ ಕೆಲಸ ಕಲಿತು, ಅವನ ಹೆಸರನ್ನೂ ತನ್ನ ಹೆಸರಿನ ಜೊತೆ ಹಚ್ಚಿಕೊಂಡು, 1747ರಲ್ಲಿ ಡ್ರೆಸ್ಡೆನ್ನಿಗೆ ಬಂದವನು ಅವನು. ಮಾವನ ಚಿತ್ರಗಳಲ್ಲಿ ನೀರಿನ ಮೇಲೆ ಬಿದ್ದ ಬಿಸಿಲು ಕುಣಿಯುತ್ತದೆ. ಅಳಿಯನ ಬೆಳಕು ತಣ್ಣಗಿನದು, ಹಸಿರು ಬೂದಿ ಬೆರೆತದ್ದು. ನೆರಳಿಗೆ ಚಾಕುವಿನ ಅಂಚು. ಈ ಗಡಸುತನವೇ ಅವನ ಸ್ವಂತ ಆಸ್ತಿ ಎಂದು ನನ್ನ ಎಣಿಕೆ. ಮಾವನಿಗಿಂತ ಕಡಿಮೆ ಮೋಹಕ, ಆದರೆ ಹೆಚ್ಚು ತೂಕದ ಚಿತ್ರಕಾರ.

ಅವನನ್ನು ಹೊಗಳುವವರು ಸಾಮಾನ್ಯವಾಗಿ ಹಿಡಿಯುವ ದಾರಿ ಬೇರೆ. ಫೋಟೋದಷ್ಟು ನಿಖರ ಎನ್ನುತ್ತಾರೆ. ಮಸೂರ ಕೂಡಿಸಿದ ಕತ್ತಲ ಪೆಟ್ಟಿಗೆ, ಅಂದರೆ ಕ್ಯಾಮೆರಾ ಆಬ್‌ಸ್ಕ್ಯೂರಾ ಇಟ್ಟುಕೊಂಡು ರೇಖೆ ಎಳೆಯುತ್ತಿದ್ದ ಎಂದು ನೆನಪಿಸುತ್ತಾರೆ. ಎರಡನೆಯ ಮಹಾಯುದ್ಧದಲ್ಲಿ ನಾಶವಾದ ವಾರ್ಸಾದ ರಾಜಬೀದಿಯ ಕಟ್ಟಡಗಳನ್ನು ಮತ್ತೆ ಕಟ್ಟುವಾಗ ಅವನ ಚಿತ್ರಗಳನ್ನು ಮುಂದಿಟ್ಟುಕೊಂಡರಲ್ಲ, ಅದು ಈ ಮೆಚ್ಚುಗೆಗೆ ಸಿಕ್ಕ ದೊಡ್ಡ ಸಾಕ್ಷಿ. ಆದರೆ ವಾರ್ಸಾದಲ್ಲಿ ಅವನು ಕೆಲವು ಕಟ್ಟಡಗಳ ಮುಖವನ್ನು ತನಗೆ ಬೇಕಾದಂತೆ ತಿದ್ದಿದ್ದ. ಆ ತಿದ್ದುಪಡಿಯೂ ಇಂದು ಇಟ್ಟಿಗೆ ಗಾರೆಯಾಗಿ ನಿಂತಿದೆ! ದಾಖಲೆ ಎಂದು ಅವನನ್ನು ಗೌರವಿಸಿದರೆ ಚಿತ್ರಕಾರನಿಗೆ ಮೋಸವಾಗುತ್ತದೆ. ಪೆಟ್ಟಿಗೆ ರೇಖೆ ಕೊಟ್ಟೀತು. ಯಾವ ಗೋಡೆ ಬಿಸಿಲಿಗೆ ಬರಬೇಕು, ಯಾವುದು ಕತ್ತಲಲ್ಲಿ ಮುಳುಗಬೇಕು ಎಂಬುದನ್ನು ಅದು ಹೇಳುವುದಿಲ್ಲ.

ಅವನ ಕೊರತೆ ಇರುವುದು ಜನರಲ್ಲಿ. ಆಲ್ಟ್‌ಮಾರ್ಕ್ಟ್ ಚಿತ್ರದಲ್ಲಿ ಒಬ್ಬೊಬ್ಬರನ್ನೇ ಹುಡುಕಿ ನೋಡಿದರೆ ಅಂಗಿಯ ಬಣ್ಣ ಸರಿಯಿದೆ, ನಿಂತ ಭಂಗಿ ಸರಿಯಿದೆ, ಕಾಲಡಿಯ ನೆರಳೂ ಸರಿಯಾದ ದಿಕ್ಕಿಗೇ ಬಿದ್ದಿದೆ. ಚೌಕಾಸಿ ಮಾತ್ರ ಇಲ್ಲ. ಸಂತೆ ಎಂದ ಮೇಲೆ ಯಾರೋ ಬೆಲೆ ಕೇಳಿ ಮುಖ ಸಿಂಡರಿಸಬೇಕು, ಯಾರದೋ ಬುಟ್ಟಿ ಉರುಳಬೇಕು. ಇವರು ಬಯಲು ಎಷ್ಟು ವಿಶಾಲ, ಮನೆಗಳು ಎಷ್ಟು ಎತ್ತರ ಎಂದು ತೋರಿಸಲು ನಿಲ್ಲಿಸಿದ ಅಳತೆಗೋಲುಗಳು. ಇದಕ್ಕೆ ಕಾರಣವೂ ಉಂಟು. ಚಿತ್ರ ಬರೆಸಿದವನು ಸ್ಯಾಕ್ಸನಿಯ ದೊರೆ, ಪೋಲೆಂಡಿನ ರಾಜನೂ ಆಗಿದ್ದ ಮೂರನೆಯ ಆಗಸ್ಟಸ್. ಆಸ್ಥಾನ ಚಿತ್ರಕಾರನಿಗೆ ವರ್ಷಕ್ಕೆ 1,750 ಥಾಲರ್ ಸಂಬಳ ಕೊಡುತ್ತಿದ್ದವನಿಗೆ ಬೇಕಾಗಿದ್ದುದು ತನ್ನ ರಾಜಧಾನಿಯ ಠೀವಿ, ತರಕಾರಿ ಮಾರುವವಳ ಸಿಟ್ಟಲ್ಲ. ಇವೇ ನೋಟಗಳನ್ನು ಪ್ರಧಾನಿ ಬ್ರೂಲ್‌ಗೂ ಬೆಲ್ಲೊಟ್ಟೊ ಮತ್ತೆ ಬರೆದುಕೊಟ್ಟ. ಅಚ್ಚು ಒತ್ತಿದಂತೆ ಮರುಕಳಿಸಬಲ್ಲ ಚಿತ್ರದಲ್ಲಿ ಜಗಳಕ್ಕೆ ಜಾಗವೆಲ್ಲಿ?

1760ರಲ್ಲಿ ಪ್ರಷ್ಯಾದ ಸೈನ್ಯ ಡ್ರೆಸ್ಡೆನ್ನಿನ ಮೇಲೆ ಫಿರಂಗಿ ಹಾರಿಸಿತು. ಬೆಲ್ಲೊಟ್ಟೊನ ಮನೆ ಹಾಳಾಯಿತು, ಕ್ರಾಯ್ಟ್ಸ್‌ಕಿರ್ಖೆ ಸುಟ್ಟುಹೋಯಿತು. ಹೇಗೋ ಉಳಿದಿದ್ದ ಗೋಪುರದ ಒಂದು ಭಾಗ 1765ರಲ್ಲಿ ಕುಸಿದುಬಿತ್ತು. ಅದೇ ವರ್ಷ ಅವನು ಆ ಅವಶೇಷವನ್ನು ಚಿತ್ರಿಸಿದ. ಆಲ್ಟ್‌ಮಾರ್ಕ್ಟ್ ನೋಟದ ಮೂಲೆಯಲ್ಲಿ ಗಂಭೀರವಾಗಿ ನಿಂತಿದ್ದ ಗೋಪುರ ಈಗ ಚಿತ್ರದ ನಡುಮಧ್ಯಕ್ಕೆ ಬಂದಿದೆ, ಹೊಟ್ಟೆ ಸೀಳಿಕೊಂಡು. ಒಳಗಿನ ಕಮಾನುಗಳು, ಗೋಡೆಯ ದಪ್ಪ, ಕೆಳಗೆ ಗುಡ್ಡೆಬಿದ್ದ ಕಲ್ಲುಮಣ್ಣು, ಎಲ್ಲವೂ ಹಳೆಯ ನಿಖರತೆಯಲ್ಲೇ ಇವೆ. ಆದರೆ ಇಲ್ಲಿನ ಜನರಿಗೆ ಕೆಲಸವಿದೆ. ಕಲ್ಲು ತೆಗೆಯುವವರು, ಸಾಗಿಸುವವರು, ಬೇಲಿಯಾಚೆ ನಿಂತು ಕತ್ತೆತ್ತಿ ನೋಡುವವರು. ಮೇಲಿನಿಂದ ಇನ್ನೊಂದು ಕಲ್ಲು ಬಿದ್ದೀತೆಂಬ ಅಳುಕಿನಲ್ಲಿ ಚೌಕದ ಮನುಷ್ಯರು ಮೊದಲ ಸಲ ತಮ್ಮ ತೂಕ ಪಡೆಯುತ್ತಾರೆ. ಗಾತ್ರದಲ್ಲಿ ಆಲ್ಟ್‌ಮಾರ್ಕ್ಟ್‌ಗಿಂತ ಬಹಳ ಚಿಕ್ಕದಾದ ಈ ಚಿತ್ರವನ್ನು ನಾನು ಅದಕ್ಕಿಂತ ಮೇಲಿಡುತ್ತೇನೆ.

ಆಗ ಅವನಿಗೆ ದೊರೆಯ ಸಂಬಳವಿರಲಿಲ್ಲ. ಆಗಸ್ಟಸ್ ಮತ್ತು ಬ್ರೂಲ್ ಇಬ್ಬರೂ 1763ರಲ್ಲಿ ತೀರಿಕೊಂಡಿದ್ದರು. ಹೊಸದಾಗಿ ಶುರುವಾದ ಕಲಾ ಅಕಾಡೆಮಿಯಲ್ಲಿ ಪರ್ಸ್‌ಪೆಕ್ಟಿವ್ ಪಾಠ ಹೇಳಿಕೊಂಡಿದ್ದ. 1767ರಲ್ಲಿ ಸೇಂಟ್ ಪೀಟರ್ಸ್‌ಬರ್ಗಿನತ್ತ ಹೊರಟವನನ್ನು ಪೋಲೆಂಡಿನ ಹೊಸ ರಾಜ ಸ್ಟಾನಿಸ್ಲಾವ್ ಆಗಸ್ಟ್ ವಾರ್ಸಾದಲ್ಲೇ ನಿಲ್ಲಿಸಿಕೊಂಡ. ಅಲ್ಲಿ ಮತ್ತೆ ಆಸ್ಥಾನ, ಮತ್ತೆ ರಾಜಧಾನಿಯ ನೋಟಗಳ ಸರಣಿ. ಆದರೆ ಈ ಚಿತ್ರಗಳಲ್ಲಿ ಜನ ಗಾತ್ರದಲ್ಲೂ ಬೆಳೆದು ಮುಂಭಾಗಕ್ಕೆ ಬರುತ್ತಾರೆ. ಅವರ ಉಡುಗೆ, ಕಸುಬು, ಅಂತಸ್ತಿನ ಭೇದಗಳನ್ನು ಅವನು ಗೋಡೆಗಳಿಗೆ ಕೊಡುತ್ತಿದ್ದ ಶ್ರದ್ಧೆಯಿಂದಲೇ ಬರೆಯುತ್ತಾನೆ. ಕಟ್ಟಡಗಳನ್ನು ತಿದ್ದಲು ಹಿಂಜರಿಯದವನು ಬೀದಿಯ ಮಂದಿಯ ವಿಷಯದಲ್ಲಿ ಇಷ್ಟು ಕಟ್ಟುನಿಟ್ಟಾದದ್ದು ವಾರ್ಸಾ ಚಿತ್ರಗಳ ನಿಜವಾದ ಗಳಿಕೆ.