ಗಾಲಿ ಬಂತು, ದಾರಿ?

ಪಿ. ಸಾಯಿನಾಥರ ‘ಎವೆರಿಬಡಿ ಲವ್ಸ್ ಎ ಗುಡ್ ಡ್ರಾಟ್’ 1996ರಲ್ಲಿ ಬಂದ ಪುಸ್ತಕ. ನನ್ನ ಕೈಗೆ ಸಿಕ್ಕಿದ್ದು ಹತ್ತು ವರ್ಷ ತಡವಾಗಿ, ಸಂಡೂರಿನ ಕಡೆ ಹೈಸ್ಕೂಲಿನಲ್ಲಿ ಪಾಠ ಮಾಡುತ್ತಿದ್ದಾಗ. ಬರ, ಸಾಲ, ಗುಳೆಗಳೇ ತುಂಬಿದ ಆ ಪುಸ್ತಕದಲ್ಲಿ ನಗುಮುಖದ ಲೇಖನವೊಂದಿದೆ. ತಮಿಳುನಾಡಿನ ಪುದುಕೋಟೆ ಜಿಲ್ಲೆಯ ಹೆಂಗಸರು ಸೈಕಲ್ ಕಲಿತ ಕಥೆ. ಮೊದಲ ಸಲ ಓದಿದಾಗ ಕಣ್ಣು ತುಂಬಿ ಬಂದಿತ್ತು. ಈಚೆಗೆ ಮತ್ತೆ ಓದಿದೆ, ಯಾಕೋ ಲೇಖಕರ ಜೊತೆ ಸ್ವಲ್ಪ ಜಗಳವಾಡಬೇಕೆನಿಸಿತು.

1990ರ ದಶಕದ ಮೊದಲ ವರ್ಷಗಳು. ಅಕ್ಷರ ಕಲಿಸಲು ಹೊರಟ ಆಂದೋಲನ ಸೈಕಲನ್ನೂ ಕಲಿಸಿತು. ಆಗಿನ ಜಿಲ್ಲಾಧಿಕಾರಿ ಶೀಲಾ ರಾಣಿ ಚುಂಕತ್ ಒತ್ತಾಸೆಯಾಗಿ ನಿಂತರು. 1 ಲಕ್ಷಕ್ಕೂ ಹೆಚ್ಚು ಹಳ್ಳಿಯ ಹೆಂಗಸರು ಸೈಕಲ್ ಹತ್ತಿದರು. ಬಸ್ಸಿಗೆ ಕಾಯುವುದು, ಅಣ್ಣನಿಗೋ ಗಂಡನಿಗೋ ಕಾಯುವುದು ತಪ್ಪಿತು. ಲೇಡೀಸ್ ಸೈಕಲ್ ಸಾಕಾಗದೆ ಗಂಡಸರ ಸೈಕಲನ್ನೇ ಹಿಡಿದವರಲ್ಲಿ ಕೆಲವರಿಗೆ ಅದೇ ಹೆಚ್ಚು ಹಿಡಿಸಿತಂತೆ, ಮುಂದಿನ ಅಡ್ಡಕಂಬಿಯ ಮೇಲೆ ಮಗುವನ್ನು ಕೂರಿಸಬಹುದಲ್ಲ! ಇಂಥ ವಿವರವನ್ನು ಊಹಿಸಿ ಬರೆಯಲಾಗದು, ಹತ್ತಿರ ನಿಂತು ನೋಡಿದವರಿಗೇ ಸಿಗುವಂಥದು. ಕಂಪ್ಲಿಯಲ್ಲಿ ಬಾಡಿಗೆ ಸೈಕಲ್ ತಂದು, ಅದೇ ಅಡ್ಡಕಂಬಿಯ ಕೆಳಗೆ ಕಾಲು ತೂರಿಸಿ ಒಳಪೆಡಲ್ ಹೊಡೆದು, ಕಾಲುವೆಯ ಏರಿಯಿಂದ ಗದ್ದೆಗೆ ಬಿದ್ದವಳು ನಾನು. ಹಾಗಾಗಿ ಆ ಪುಟದಲ್ಲಿ ಬಹಳ ಹೊತ್ತು ನಿಂತೆ.

ದುಡಿಮೆಯ ಲಾಭದ ಲೆಕ್ಕ ಮಾತ್ರ ಹಾಕಿ ಮುಗಿಸದೆ, ಹೆಣ್ಣಿನ ಆತ್ಮಗೌರವವೇ ದೊಡ್ಡ ಲಾಭವೆಂದು ಸಾಯಿನಾಥ್ ಕಂಡಿದ್ದಾರೆ. ರಸ್ತೆ ಬದಿಯಲ್ಲಿ ನಿಂತು ಅಣಕಿಸುವ ಗಂಡಸರೂ ಅವರ ಕಣ್ಣಿಗೆ ಬಿದ್ದಿದ್ದಾರೆ. ಆದರೆ ರಸ್ತೆಯೇ ಅವರ ಪ್ರಶ್ನೆಯಾಗುವುದಿಲ್ಲ. ಪೆಡಲ್ ತುಳಿದ ಹೆಂಗಸು ಊರು ತಲುಪಿಯೇ ತಲುಪುತ್ತಾಳೆಂಬ ನಂಬಿಕೆ ಲೇಖನದ ತುಂಬ ಇದೆ. ನನ್ನ ತಕರಾರು ಇಷ್ಟೇ.

ನಮ್ಮ ಸರ್ಕಾರ 2006-07ರಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡಲು ಆರಂಭಿಸಿತು. ಕೋವಿಡ್ ಬಂದ ವರ್ಷ ಅದು ನಿಂತಿತು. ಸೈಕಲ್ ಬಂದ ದಿನ ನನ್ನ ತರಗತಿಯ ಹುಡುಗಿಯರು ಊಟವನ್ನೇ ಮರೆತಿದ್ದರು. ಆದರೆ ಅದು ಅದಿರಿನ ಕಾಲ. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಗೆ ತಡೆ ಹಾಕುವವರೆಗೂ ಸಂಡೂರು–ಹೊಸಪೇಟೆ ದಾರಿಯಲ್ಲಿ ಲಾರಿಯ ಹಿಂದೆ ಲಾರಿ, ಕೆಂಪು ಧೂಳು. ಹದಿನೈದು ದಿನ ಸೈಕಲ್ ತಂದ ಹುಡುಗಿಯೊಬ್ಬಳು ಬರುವುದನ್ನೇ ಬಿಟ್ಟಳು. ಮನೆಗೆ ಹೋಗಿ ವಿಚಾರಿಸಿದರೆ ಅವಳಪ್ಪ, “ಸೈಕಲ್ ವಾಪಸ್ ಒಯ್ದುಬಿಡ್ರಿ ಟೀಚರ್, ನಮಗ ಮಗಳು ಬೇಕು” ಎಂದ. ನಾನು ಏನು ಹೇಳಲಿ? ಹುಡುಗಿ ಒಂಬತ್ತನೆಯ ತರಗತಿ ಮುಗಿಸಲಿಲ್ಲ. ಆ ಸೈಕಲ್ ಮೇಲೆ ಕೌದಿ ಒಣಹಾಕಿದ್ದನ್ನು ಆಮೇಲೆ ನೋಡಿದೆ.

ಹಾಗಾದರೆ ದಾರಿಯನ್ನು ಯಾರು ಕೇಳಬೇಕು? ಇಂದು ಸೈಕಲ್ಲಿಗೆ ಹೆಸರಾದ ನೆದರ್ಲ್ಯಾಂಡ್ಸ್‌ನಲ್ಲೂ 1971ರ ಒಂದೇ ವರ್ಷ 400ಕ್ಕೂ ಹೆಚ್ಚು ಮಕ್ಕಳು ರಸ್ತೆ ಅಪಘಾತಗಳಲ್ಲಿ ಸತ್ತಿದ್ದರು. ‘ಮಕ್ಕಳ ಕೊಲೆ ನಿಲ್ಲಿಸಿ’ ಎಂದು ಬೀದಿಗಿಳಿದವರಲ್ಲಿ ತಾಯಂದಿರು ಬಹಳ. ಅಲ್ಲಿನ ಪ್ರತ್ಯೇಕ ಸೈಕಲ್ ದಾರಿಗಳ ಹಿಂದೆ ಆ ಕೂಗೂ ಇದೆ. ನಾವು ತಾಯಂದಿರೇನು ಮಾಡಿದೆವು? ಸ್ಕೂಟಿ ಕೊಂಡೆವು. ನಾನೂ ಕೊಂಡೆ. ಮಗಳನ್ನು ಸೈಕಲ್ ಮೇಲೆ ಕಳಿಸಲು ಹೆದರಿಕೆ, ಹೆದರಿಕೆಗೆ ಗಾಡಿ, ಗಾಡಿಗಳಿಂದ ಮತ್ತಷ್ಟು ಹೆದರಿಕೆ. ಹೊಸಪೇಟೆಯ ಟ್ರಾಫಿಕ್ಕಿಗೆ ಬೈಯುವಾಗ ಆ ಟ್ರಾಫಿಕ್ಕಿನಲ್ಲಿ ನಾವೇ ಕೂತಿದ್ದೇವೆಂಬುದು ನೆನಪಾಗುವುದಿಲ್ಲ. ಹಂಪಿಗೆ ಬಂದ ಪರದೇಶದ ಹೆಣ್ಣುಮಕ್ಕಳು ಬಾಡಿಗೆ ಸೈಕಲ್ ಹಿಡಿದು ಕಮಲಾಪುರದ ಕಡೆ ಹಾಯಾಗಿ ಸುತ್ತುವುದನ್ನು ನಾವು ಮೆಚ್ಚಿ ನೋಡುತ್ತೇವೆ. ಅದೇ ದಾರಿಯಲ್ಲಿ ನಮ್ಮ ಹುಡುಗಿ ಹೊರಟರೆ “ಆಟೋದಾಗ ಬಾರಮ್ಮ” ಅನ್ನುತ್ತೇವೆ.

ಸಾಯಿನಾಥರ ಲೇಖನವನ್ನು ಮೊನ್ನೆ ಒಂಬತ್ತನೆಯ ತರಗತಿಗೆ ಕನ್ನಡದಲ್ಲಿ ಹೇಳಿದೆ. ಅಡ್ಡಕಂಬಿಯ ಮಗುವಿನ ಮಾತಿಗೆ ಎಲ್ಲರೂ ನಕ್ಕರು. ಒಬ್ಬಳು, “ಅಲ್ಲಿ ಲಾರಿ ಇರಲಿಲ್ಲೇನ್ರೀ ಮೇಡಂ?” ಎಂದಳು. ಸಂಜೆ ಗೇಟಿನಲ್ಲಿ ಸ್ಕೂಟರು, ಕಾರುಗಳ ನಡುವೆ ಗೇಣಗಲ ಸಂದಿಗಾಗಿ ಅವಳು ಕಾಯುತ್ತ ನಿಂತಿದ್ದಳು, ಅಕ್ಕನ ಹಳೆಯ ಸೈಕಲ್ ಹಿಡಿದುಕೊಂಡು. ನಾನು ಸ್ಕೂಟಿ ಹಿಂದಕ್ಕೆ ಎಳೆದುಕೊಂಡೆ.