ಹರಿವು ನಿಂತಿತೋ, ಸಂಪರ್ಕ ಸತ್ತಿತೋ

ಬ್ಲೂಸ್ಕೈಯಲ್ಲಿ ಬರುವ ಕನ್ನಡ ಪೋಸ್ಟ್‌ಗಳನ್ನು ಕಿರಿಮಂಜೇಶ್ವರದ ಮನೆಯಲ್ಲಿ ಕೂತು ಹಿಡಿದಿಡುವುದು ಸುಲಭ. ಅಲ್ಲಿನ ಪೋಸ್ಟ್‌ಗಳನ್ನು ಬಂದಂತೆ ಹರಿಸುವ ಜೆಟ್‌ಸ್ಟ್ರೀಮ್ ಸರ್ವರಿಗೆ ಒಂದು ವೆಬ್‌ಸಾಕೆಟ್ ತೆರೆದರಾಯಿತು. ಕೀಲಿ ಬೇಡ, ದುಡ್ಡು ಬೇಡ, ಪೈಥಾನ್‌ನಲ್ಲಿ ಹತ್ತು ಸಾಲು. ಟ್ವಿಟರ್ 2023ರಲ್ಲಿ ಪುಕ್ಕಟೆ ಬಾಗಿಲು ಮುಚ್ಚಿದ ಮೇಲೆ ಈ ಹವ್ಯಾಸದವರಿಗೆ ಇದು ದೊಡ್ಡ ಆಸರೆ. ಆದರೆ ರಸವಿರುವುದು ಸಂಪರ್ಕ ಕಡಿದಾಗ ಏನು ಮಾಡಬೇಕೆಂದು ಬರೆಯುವ ಮುಂದಿನ ನೂರು ಸಾಲಿನಲ್ಲಿ.

ಆಷಾಢದ ಗಾಳಿಮಳೆಗೆ ಹೆದ್ದಾರಿ ಬದಿಯ ಫೈಬರ್ ತುಂಡಾಯಿತೆನ್ನಿ. ಮನೆಯ ರೂಟರ್ ಇನ್ವರ್ಟರ್ ಮೇಲೆ ನಡೆಯುತ್ತಲೇ ಇರುತ್ತದೆ. ಸಂಪರ್ಕ ಮುಗಿಯಿತೆಂದು ಹೇಳುವ ಪ್ಯಾಕೆಟ್ ಬಾರದ ಕಾರಣ ಪ್ರೋಗ್ರಾಮ್ ಸುಮ್ಮನೆ ಕಾಯುತ್ತದೆ. ಸಂಪರ್ಕ ಜೀವಂತವಿದೆಯೇ ಎಂದು ವಿಚಾರಿಸುವ ಕೀಪ್‌ಅಲೈವ್ ಅನ್ನು ಲಿನಕ್ಸ್‌ನಲ್ಲಿ ಹಾಕಿದ್ದರೂ, ಬದಲಿಸದೆ ಬಿಟ್ಟರೆ, ಅದು ಮೊದಲು ವಿಚಾರಿಸುವುದು 2 ಗಂಟೆಯ ಬಳಿಕ. ಇದಕ್ಕೆಂದೇ ಟ್ವಿಟರ್‌ನ ಸ್ಟ್ರೀಮ್ ಪೋಸ್ಟ್ ಇಲ್ಲದಾಗಲೂ ಆಗಾಗ ಖಾಲಿ ಸಾಲೊಂದನ್ನು ಕಳಿಸುತ್ತಿತ್ತು. ಜೆಟ್‌ಸ್ಟ್ರೀಮ್ ಭಾಷೆ ನೋಡಿ ಸೋಸಿಕೊಡುವುದಿಲ್ಲ, ಎಲ್ಲವನ್ನೂ ಸುರಿಯುತ್ತದೆ. ಕೆಲವರಿಗೆ ಇದು ಕೊರತೆ, ನನಗೆ ವರ. ಜಗತ್ತಿನ ಮಾತು 30 ಸೆಕೆಂಡ್ ಪೂರ್ತಿ ನಿಲ್ಲುವುದುಂಟೇ? ನಿಂತರೆ ಸಂಪರ್ಕವೇ ಸತ್ತಿದೆಯೆಂದು ತಿಳಿದು ಮರುಜೋಡಣೆಗೆ ಹೊರಡಬಹುದು.

ಹೊರಡುವಾಗ ಆತುರ ಸಲ್ಲದು. ಕರೆಂಟ್ ಬಂದೊಡನೆ ಊರಿನ ಪಂಪುಗಳೆಲ್ಲ ಒಟ್ಟಿಗೆ ಶುರುವಾದರೆ ಟ್ರಾನ್ಸ್‌ಫಾರ್ಮರಿನ ಫ್ಯೂಸ್ ಹಾರುತ್ತದಲ್ಲ, ಎಲ್ಲರೂ ಒಮ್ಮೆಲೇ ಮರಳಿ ಸೇರಹೊರಟರೆ ಸರ್ವರಿನ ಗತಿಯೂ ಅದೇ. ಟ್ವಿಟರ್‌ನ ಹಳೆಯ ನಿಯಮ ಈಗಲೂ ಮಾದರಿ: ನೆಟ್‌ವರ್ಕ್ ದೋಷವಾದರೆ 250 ಮಿಲಿಸೆಕೆಂಡ್‌ನಂತೆ ಏರಿಸುತ್ತ 16 ಸೆಕೆಂಡಿನವರೆಗೆ, ಸರ್ವರೇ ನಿರಾಕರಿಸಿದರೆ 5 ಸೆಕೆಂಡಿನಿಂದ ದುಪ್ಪಟ್ಟಾಗುತ್ತ 320ರವರೆಗೆ. ಇದಕ್ಕೆ ನಾನು ಒಂದಿಷ್ಟು ಯಾದೃಚ್ಛಿಕ ವಿಳಂಬವನ್ನೂ ಸೇರಿಸುತ್ತೇನೆ.

ಮತ್ತೆ ಸೇರಿದಾಗ ಎಲ್ಲಿಂದ? ಜೆಟ್‌ಸ್ಟ್ರೀಮ್ ಕಳಿಸುವ ಪ್ರತಿ ಘಟನೆಗೂ ಮೈಕ್ರೊಸೆಕೆಂಡಿನ ಕಾಲಗುರುತು ಇದೆ. ಕೊನೆಯದಕ್ಕಿಂತ ಕೆಲವು ಸೆಕೆಂಡ್ ಹಿಂದಿನದನ್ನು ಕರ್ಸರ್ ಆಗಿ ಕೊಟ್ಟರೆ ನಡುವಿನದು ತಪ್ಪುವುದಿಲ್ಲ. ಎರಡೆರಡು ಸಲ ಬಂದದ್ದನ್ನು ಪೋಸ್ಟಿನ ಗುರುತು ನೋಡಿ ಬಿಟ್ಟರಾಯಿತು. ಕಾಲಗುರುತನ್ನೂ ಪೋಸ್ಟನ್ನೂ ಡೇಟಾಬೇಸಿಗೆ ಒಂದೇ ವಹಿವಾಟಿನಲ್ಲಿ ಬರೆಯಬೇಕು.

ಕರ್ಸರಿನ ಬಗ್ಗೆ ನನಗೆ ಇಷ್ಟು ಹಟವಿರುವುದಕ್ಕೆ ಕಾರಣ, ಬಿಟ್ಟುಹೋದ ಹೊತ್ತಿನಲ್ಲಿ ಯಾರೋ ತಮ್ಮ ಪೋಸ್ಟ್ ಅಳಿಸಿರಬಹುದು. ಆ ಸೂಚನೆ ತಪ್ಪಿದರೆ, ಅವರು ಹಿಂತೆಗೆದುಕೊಂಡ ಮಾತು ನಮ್ಮ ಡಿಸ್ಕಿನಲ್ಲಿ ಉಳಿದೇಬಿಡುತ್ತದೆ. ಇನ್ನೊಂದು ಸೂಕ್ಷ್ಮ: ಅಳಿಸುವ ಸೂಚನೆಯಲ್ಲಿ ಖಾತೆ ಮತ್ತು ಪೋಸ್ಟಿನ ಗುರುತಿದೆಯೇ ಹೊರತು ಭಾಷೆಯಿಲ್ಲ. ‘ಕನ್ನಡವಲ್ಲದಿದ್ದರೆ ಬಿಡು’ ಎಂಬ ಸಾಲನ್ನು ಮೊದಲು ಬರೆದರೆ ಅಳಿಸುವ ಸೂಚನೆಗಳೆಲ್ಲ ಅಲ್ಲೇ ಕಳೆದುಹೋಗುತ್ತವೆ. ಅಳಿಸುವ ಸಾಲು ಅದಕ್ಕಿಂತ ಮೇಲಿರಲಿ.