ಮಧ್ಯಾಹ್ನಕ್ಕೆ ಉಬ್ಬುವ ಚಾವಣಿ

ಬೆಳಿಗ್ಗೆ ಆರಕ್ಕೆ ಏಣಿ ಹತ್ತಿದಾಗ ಚಾವಣಿ ಬಹುಮಟ್ಟಿಗೆ ಸಪಾಟಾಗಿತ್ತು. ಮಧ್ಯಾಹ್ನ ಎರಡಕ್ಕೆ ನೋಡಿದರೆ ಹಂಚಿನ ಮೇಲೆ ಜೋಳದ ರೊಟ್ಟಿ ಉಬ್ಬಿದ ಹಾಗೆ ಮೂರು ಗುಳ್ಳೆ. ರಾಯಬಾಗ ತಾಲ್ಲೂಕಿನ ಅಲಖನೂರದಲ್ಲಿ, ನೆಂಟರ ಕಬ್ಬಿನ ಹೊಲದ ಬದಿಗೆ ನಮ್ಮ ಮನೆಗಾಡಿ ನಿಲ್ಲಿಸಿ ನಾಲ್ಕು ದಿನವಾಗಿತ್ತು. ಏಪ್ರಿಲ್ ಬಿಸಿಲು, ನೆರಳಿಗೆ ಒಂದು ಮರವೂ ಇಲ್ಲ.

ನಮ್ಮಲ್ಲಿ ಕಟ್ಟುವ ಕಾರವಾನ್‌ಗಳಿಗೆ ಸಾಮಾನ್ಯವಾಗಿ ತಗಡಿನ ಇಲ್ಲವೇ ಫೈಬರ್ ಚಾವಣಿ. ಪ್ಲೈವುಡ್ ಮೇಲೆ ರಬ್ಬರ್ ಹಾಳೆ ಅಂಟಿಸುವುದು ಅಮೆರಿಕದ ರೂಢಿ. ತಗಡಿನ ಮೇಲೆ ಮಳೆ ಬಿದ್ದರೆ ಒಳಗೆ ಮಾತು ಕೇಳಿಸುವುದಿಲ್ಲ, ರಬ್ಬರಿನ ಮೇಲೆ ಬಿದ್ದ ಮಳೆ ನಿದ್ದೆ ತರಿಸುತ್ತದೆ. ಆ ಸುಖಕ್ಕಾಗಿಯೇ ನಾನು ರಬ್ಬರ್ ಹಾಕಿಸಿದ್ದು, ಇವತ್ತಿಗೂ ಅದನ್ನೇ ಮೆಚ್ಚುತ್ತೇನೆ.

ಆ ಹಾಳೆಯ ಹೆಸರು ಇಪಿಡಿಎಂ. ಕಾರಿನ ಬಾಗಿಲ ಸುತ್ತ ಇರುವ ಕಪ್ಪು ಬೀಡಿಂಗ್ ಹೆಚ್ಚಾಗಿ ಇದೇ ರಬ್ಬರು. 1963ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಹಂಚಿಕೊಂಡ ಇಟಲಿಯ ಜೂಲಿಯೊ ನಾಟಾ ಅವರ ಬಳಗ ಬೆಳೆಸಿದ ಎಥಿಲೀನ್-ಪ್ರೊಪಿಲೀನ್ ರಬ್ಬರಿನ ಕುಲಕ್ಕೆ ಸೇರಿದ್ದು. ಮರದ ಹಾಲಿನ ರಬ್ಬರನ್ನು ಗಾಳಿಯ ಓಝೋನ್ ಸೀಳುತ್ತದೆ, ಏಕೆಂದರೆ ಅದರ ಅಣುಸರಪಳಿಯ ಬೆನ್ನಲ್ಲೇ ಜೋಡಿ ಬಂಧಗಳಿವೆ. ಇಪಿಡಿಎಂ ಬೆನ್ನಿನಲ್ಲಿ ಅವಿಲ್ಲ, ಹಾಗಾಗಿ ವರ್ಷಗಟ್ಟಲೆ ಬಿಸಿಲು ತಡೆಯುತ್ತದೆ. ಪೆಟ್ರೋಲು, ಡೀಸೆಲ್, ಸೀಮೆಎಣ್ಣೆ ಮಾತ್ರ ಅದಕ್ಕೆ ಆಗಿಬರುವುದಿಲ್ಲ. ತಾಗಿದರೆ ಹೀರಿಕೊಂಡು ಊದುತ್ತದೆ. ಚಾವಣಿ ಒರೆಸಲು ಡೀಸೆಲ್ ಬಟ್ಟೆ ಹಿಡಿದು ಬಂದವರನ್ನು ನಾನು ಏಣಿಯ ಕೆಳಗೇ ತಡೆದಿದ್ದೇನೆ.

ಇನ್ನು ಗುಳ್ಳೆಯ ವಿಷಯ. ಹಾಳೆಗೂ ಹಲಗೆಗೂ ನಡುವೆ ಅಂಟು ಹಿಡಿಯದೆ ಉಳಿದ ಜಾಗದಲ್ಲಿ ಗಾಳಿ ಸಿಕ್ಕಿಕೊಂಡಿರುತ್ತದೆ. ಬರಿಯ ಗಾಳಿ ಕಾದರೆ ಎಷ್ಟು ಹಿಗ್ಗೀತು? 20 ಡಿಗ್ರಿಯಿಂದ 60 ಡಿಗ್ರಿಗೆ ಏರಿದರೆ ನೂರಕ್ಕೆ 14ರಷ್ಟು. ಅದೇ ಗುಳ್ಳೆಯೊಳಗೆ ತೇವವಿದ್ದರೆ ಲೆಕ್ಕವೇ ಬೇರೆ. 20 ಡಿಗ್ರಿಗೆ ಹೋಲಿಸಿದರೆ 60 ಡಿಗ್ರಿಯಲ್ಲಿ ನೀರಾವಿಯ ಒತ್ತಡ ಎಂಟು ಪಟ್ಟಿಗೂ ಹೆಚ್ಚು. ಗಾಳಿಯೂ ಆವಿಯೂ ಕೂಡಿ ನೂರಕ್ಕೆ 40ರ ಹತ್ತಿರ ಹಿಗ್ಗಲು ನೋಡುತ್ತವೆ. ರೊಟ್ಟಿಯನ್ನು ಉಬ್ಬಿಸುವುದೂ ಹಿಟ್ಟಿನೊಳಗಿನ ನೀರೇ ತಾನೆ? ಮಧ್ಯಾಹ್ನ ಜೋರಾಗಿ ಏಳುವ ಗುಳ್ಳೆಯ ಕೆಳಗೆ ನೀರನ್ನು ಅನುಮಾನಿಸಬೇಕು. ಮಳೆಗಾಲಕ್ಕೆ ಮುಂಚೆ ಅದನ್ನು ಹುಡುಕದಿದ್ದರೆ ಪ್ಲೈವುಡ್ ಪದರ ಪದರವಾಗಿ ಬಿಚ್ಚಿಕೊಳ್ಳುತ್ತದೆ.

ಒಣ ಗುಳ್ಳೆಯನ್ನು ಮುಟ್ಟಬಾರದೆಂದು ನಾನು ಕಲಿತದ್ದು ಕಳೆದುಕೊಂಡೇ. ಮೊದಲ ವರ್ಷ ಅಂಗೈಯಗಲದ ಒಂದು ಗುಳ್ಳೆಯನ್ನು ಬ್ಲೇಡಿನಿಂದ ಸೀಳಿ, ಒತ್ತಿ, ಮೇಲೊಂದು ಪಟ್ಟಿ ಹಚ್ಚಿದೆ. ಅದು ಒಣ ಗುಳ್ಳೆ, ಯಾರಿಗೂ ತೊಂದರೆ ಕೊಡದೆ ಇದ್ದದ್ದು. ಜೂನ್ ಮಳೆ ಆ ಸೀಳಿನಿಂದಲೇ ಇಳಿಯಿತು, ಆಗಸ್ಟ್ ಹೊತ್ತಿಗೆ ಮಂಚದ ಮೇಲಿನ ಹಲಗೆ ಕಪ್ಪಾಗಿತ್ತು.

ಚಿಂಚಲಿ ಮಾಯಕ್ಕನ ಜಾತ್ರೆಯ ಚಕ್ಕಡಿಗಳನ್ನು ಕಂಡಾಗಲೆಲ್ಲ ನನ್ನ ಚಾವಣಿಯ ಗುಳ್ಳೆ ನೆನಪಾಗುತ್ತದೆ. ಭಾರತ ಹುಣ್ಣಿಮೆಗೆ ಕೊಲ್ಹಾಪುರ, ಸಾಂಗ್ಲಿ ಕಡೆಯಿಂದ ಎತ್ತು ಹೂಡಿಕೊಂಡು ಬಂದವರು ಅಲ್ಲಲ್ಲೇ ಬಿಡಾರ ಹೂಡುತ್ತಾರೆ; ನಮ್ಮ ಸೀಮೆಯ ಹಳೆಯ ಮನೆಗಾಡಿಗಳೆಂದರೆ ಅವೇ. ಚಕ್ಕಡಿಗೆ ಬಿಗಿದ ತಾಡಪತ್ರಿ ಗಾಳಿಗೆ ಪಟಪಟ ಬಡಿಯುತ್ತದೆ, ಗುಳ್ಳೆ ಮಾತ್ರ ಏಳುವುದಿಲ್ಲ. ಅಂಟಿಸಿದ್ದಕ್ಕಷ್ಟೇ ಗುಳ್ಳೆಯ ಕಾಟ.

ಅಂಟಿಸುವ ಹದ ಬೇಕಿದ್ದರೆ ಪಂಕ್ಚರ್ ಅಂಗಡಿಯಲ್ಲಿ ಅರ್ಧ ಗಂಟೆ ಕೂರಬೇಕು. ಟ್ಯೂಬು ಉಜ್ಜಿ, ಸೊಲ್ಯೂಷನ್ ಸವರಿ, ಊದಿ, ಸುಮ್ಮನೆ ಕಾಯುತ್ತಾರೆ. ಒಮ್ಮೆ ನಾನು ಅವಸರಪಟ್ಟು ಬೆರಳು ಚಾಚಿದಾಗ, “ಒಣಗೂ ತನಕ ಕೈ ಹಚ್ಚಬ್ಯಾಡ್ರಿ ಸರ್, ಹಸೀ ಇದ್ದಾಗ ಕೂಡಿಸಿದ್ರ ಒಳಗ ಉಬ್ಬತೈತಿ” ಎಂದರು. ಚಾವಣಿಗೂ ಅದೇ ಮಾತು. ಅಂಟಿನ ಜಾತಿ ನೋಡಿ ಅದು ಬೇಡುವಷ್ಟು ಹೊತ್ತು ಬಿಡಬೇಕು, ಹಲಗೆಯ ಧೂಳು ಪೂರ್ತಿ ತೆಗೆದಿರಬೇಕು, ಹಾಳೆಯನ್ನು ಜಗ್ಗದೆ ಹಾಸಿ ನಡುವಿನಿಂದ ಅಂಚಿಗೆ ರೋಲರ್ ಓಡಿಸಬೇಕು. ನನ್ನ ಗಾಡಿಗೆ ಕೆಲಸ ಮಾಡಿದವರು ಒಂದೇ ಸಂಜೆಯಲ್ಲಿ ಮುಗಿಸಿದ್ದರು.

ಈ ಸಲ ಬ್ಲೇಡು ಮುಟ್ಟಲಿಲ್ಲ. ಬೆಳಿಗ್ಗೆ ಮೂರು ಗುಳ್ಳೆಗಳ ಅಂಚಿಗೂ ಪೆನ್ಸಿಲಿನಿಂದ ಗೆರೆ ಎಳೆದು, ಮಧ್ಯಾಹ್ನ ಮತ್ತೆ ಹತ್ತಿದೆ. ಮೂರು ದಿನ ಹೀಗೇ. ಎರಡು ಗುಳ್ಳೆಗಳು ಎತ್ತರವಾದವೇ ಹೊರತು ಗೆರೆ ದಾಟಲಿಲ್ಲ. ಗಾಳಿಕಿಂಡಿಯ ಪಕ್ಕದ್ದು ಮಾತ್ರ ದಿನಕ್ಕೆ ಒಂದು ಬೆರಳಿನಷ್ಟು ಸರಿಯಿತು. ಅಲ್ಲಿ ಒತ್ತಿದರೆ ಹಲಗೆಯೂ ಮೆತ್ತಗೆ. ಕಿಂಡಿಯ ಚೌಕಟ್ಟು ಬಿಚ್ಚಿದಾಗ ಎರಡು ಸ್ಕ್ರೂ ತುಕ್ಕು ಹಿಡಿದಿದ್ದವು, ಸುತ್ತಲಿನ ಸೀಲೆಂಟ್ ಬಿರುಕು ಬಿಟ್ಟಿತ್ತು, ಕೆಳಗಿನ ಪ್ಲೈವುಡ್ ಒದ್ದೆ.

ಈಗ ಅದನ್ನು ಹಗಲೆಲ್ಲ ಬಿಸಿಲಿಗೆ ತೆರೆದಿಟ್ಟು, ರಾತ್ರಿ ತಾಡಪತ್ರಿ ಹೊದಿಸುತ್ತಿದ್ದೇನೆ. ಹಲಗೆ ಗಟ್ಟಿ ಉಳಿದಿದ್ದರೆ ಹಾಳೆಯನ್ನು ಮರಳಿ ಅಂಟಿಸಿ ಕಿಂಡಿಗೆ ಹೊಸ ಸೀಲೆಂಟ್. ಪದರ ಬಿಟ್ಟಿದ್ದರೆ ಅಷ್ಟು ತುಂಡು ಕೊಯ್ದು ಬೇರೆ ಕೂಡಿಸುವುದು. ಉಳಿದೆರಡು ಗುಳ್ಳೆ ಪೆನ್ಸಿಲ್ ಗೆರೆಯೊಳಗೆ ಹಾಗೇ ಇವೆ.